ಸೂರ್ಯಕಾಂತಿ ಎಣ್ಣೆ ಅರ್ಥ ಮಾಡಿಸಿದ ಥಿಯರಿ

2022ರ ಮಾರ್ಚಲ್ಲಿ ಸೂರ್ಯಕಾಂತಿ ಎಣ್ಣೆ ರೇಟು ಏರಿದಾಗ ಅವ್ವ ಫೋನಲ್ಲಿ ಹೇಳಿದ್ದು ಇಷ್ಟೇ, "ಅದು ಭಾಳ ತುಟ್ಟಿ ಆತು, ಶೇಂಗಾ ಎಣ್ಣಿ ತಂದೀನಿ." ಯುದ್ಧ ಶುರುವಾಗಿದ್ದು ಉಕ್ರೇನಲ್ಲಿ, ನಮ್ಮ ದೇಶ ತರಿಸ್ಕೊಳ್ಳೋ ಸೂರ್ಯಕಾಂತಿ ಎಣ್ಣೆಯ ದೊಡ್ಡ ಪಾಲು ಬರ್ತಿದ್ದದ್ದೂ ಅಲ್ಲಿಂದಾನೇ. ಎಂಎ ಓದುವಾಗ ಎಷ್ಟು ಸಲ ಬಾಯಿಪಾಠ ಮಾಡಿದ್ರೂ ತಲೆಗೆ ಹತ್ತದಿದ್ದ ಒಂದು ವಿಷಯ, ದೇಶಗಳು ಒಂದನ್ನೊಂದು ನೆಚ್ಚಿಕೊಳ್ಳೋದು ಅಂದ್ರೇನು ಅನ್ನೋದು, ಅವತ್ತು ಹೊಳೀತು.

ರಾಬರ್ಟ್ ಕೊಹೇನ್, ಜೋಸೆಫ್ ನೈ ಅನ್ನೋ ಅಮೆರಿಕದ ಪ್ರೊಫೆಸರುಗಳು 1977ರಲ್ಲಿ, ಅಂದ್ರೆ 1973ರ ಅರಬ್ ತೈಲ ನಿರ್ಬಂಧ ಇನ್ನೂ ಎಲ್ಲರ ನೆನಪಲ್ಲಿದ್ದ ಕಾಲದಲ್ಲಿ, ಪರಸ್ಪರ ಅವಲಂಬನೇಲಿ ಎರಡು ಥರ ಇದೆ ಅಂದ್ರು. ಹೊರಗೆ ಏನೋ ಆದ ತಕ್ಷಣ ನಮಗೂ ಬಿಸಿ ತಟ್ಟೋದು ಒಂದು, ಬೇರೆ ದಾರಿ ಹುಡುಕ್ಕೊಂಡ ಮೇಲೂ ಪೆಟ್ಟು ತಪ್ಪದೇ ಇರೋದು ಇನ್ನೊಂದು. ಅವ್ವನಿಗೆ ಶೇಂಗಾ ಎಣ್ಣೆ ಇತ್ತು, ಅವಳದ್ದು ಮೊದಲನೇ ಥರ. ಜರ್ಮನಿಗೆ? ಅದರದ್ದು ಎರಡನೇ ಥರ. ಯುದ್ಧಕ್ಕೆ ಮುಂಚೆ ಅದರ ಆಮದು ಗ್ಯಾಸಲ್ಲಿ ಅರ್ಧಕ್ಕಿಂತ ಜಾಸ್ತಿ ರಷ್ಯಾದ್ದು, ಪೈಪ್‌ಲೈನಲ್ಲಿ ಬರ್ತಿತ್ತು, ಹಡಗಲ್ಲಿ ತರಿಸೋಣ ಅಂದ್ರೆ ಇಳಿಸ್ಕೊಳ್ಳೋಕೆ ಅವರ ಹತ್ರ ಒಂದು ಎಲ್‌ಎನ್‌ಜಿ (ದ್ರವ ಮಾಡಿದ ಗ್ಯಾಸ್) ಟರ್ಮಿನಲ್ಲೂ ಇರ್ಲಿಲ್ಲ, ಮೊದಲನೇದು ಶುರುವಾಗಿದ್ದೇ 2022ರ ಡಿಸೆಂಬರಲ್ಲಿ.

ವ್ಯಾಪಾರ ಬೆಳೆದಷ್ಟೂ ಯುದ್ಧ ಕಮ್ಮಿ ಅನ್ನೋದು ಲಿಬರಲ್ ವಾದ. ಅವಲಂಬನೆ ಅಂದ್ರೇನೇ ಅಪಾಯ ಅಂತಾರೆ ಕೆನೆತ್ ವಾಲ್ಟ್ಸ್ ಥರದ ರಿಯಲಿಸ್ಟರು, ಅಂದ್ರೆ ದೇಶಗಳಿಗೆ ಎಲ್ಲಕ್ಕಿಂತ ಮುಖ್ಯ ತಮ್ಮ ಬಲ, ಭದ್ರತೆ ಅನ್ನೋ ಪಂಡಿತರು. ನನಗೆ ಹೆಚ್ಚು ಸರಿ ಅನ್ಸೋದು 2019ರಲ್ಲಿ ಹೆನ್ರಿ ಫ್ಯಾರೆಲ್, ಅಬ್ರಹಾಂ ನ್ಯೂಮನ್ ಅನ್ನೋ ರಾಜ್ಯಶಾಸ್ತ್ರದ ಪ್ರೊಫೆಸರುಗಳು ಹೇಳಿದ್ದು: ಜಾಗತಿಕ ಜಾಲ ಎಲ್ಲಾ ಕಡೆ ಸಮ ಹರಡಿಲ್ಲ, ಕೆಲವೇ ಗಂಟುಗಳಲ್ಲಿ ಬಂದು ಸೇರುತ್ತೆ, ಗಂಟು ಯಾರ ಕೈಲಿದೆಯೋ ಅವರಿಗೆ ಬೇರೆಯವರ ಕತ್ತು ಹಿಸುಕೋಕೂ ಬರುತ್ತೆ. ಬ್ಯಾಂಕುಗಳ ಸಂದೇಶ ಸಾಗಿಸೋ ಸ್ವಿಫ್ಟ್‌ನಿಂದ 2012ರಲ್ಲಿ ಇರಾನಿನ ಬ್ಯಾಂಕುಗಳನ್ನ, 2022ರಲ್ಲಿ ರಷ್ಯಾದ ಕೆಲವು ಬ್ಯಾಂಕುಗಳನ್ನ ಹೊರಗೆ ಹಾಕಿದ್ದು ಹಾಗೇ.

ಆದ್ರೆ ಈ ಥಿಯರಿಗಳು ಬೇರೆ ದಾರಿ ಇದೆಯಾ ಅಂತ ಕೇಳ್ತವೆ, ಇದ್ದ ದಾರಿ ಹೆಂಗೆ ಮುಚ್ಚಿಹೋಯ್ತು ಅಂತ ಅಷ್ಟಾಗಿ ಕೇಳಲ್ಲ, ನನ್ನ ಸಂಕಟ ಅದೇ. ನಾನು ಸಣ್ಣವನಿದ್ದಾಗ ನಮ್ಮ ಕೊಪ್ಪಳದ ಕಡೆ ಎಲ್ಲಿ ನೋಡಿದ್ರೂ ಸೂರ್ಯಕಾಂತಿ ಹೊಲ. 1990ರ ದಶಕದ ಮಧ್ಯದಿಂದ ಖಾದ್ಯ ತೈಲದ ಆಮದು ಸಲೀಸಾಯ್ತು, ಅಗ್ಗದ ಎಣ್ಣೆ ಬಂತು, ಜೊತೆಗೆ ಬೆಳೆಗೆ ರೋಗ, ಹಕ್ಕಿ ಕಾಟ, ಒಬ್ಬೊಬ್ರೇ ಮೆಕ್ಕೆಜೋಳಕ್ಕೆ ತಿರುಗಿದ್ರು. ನಮ್ಮಪ್ಪನೂ. ಈಗ ರೇಟ್ ಬಂದೈತಲ್ಲ, ಮತ್ತೆ ಬಿತ್ತಬಾರ್ದಾ ಅಂತ ಆವತ್ತು ಅಪ್ಪನ್ನ ಕೇಳಿದೆ.

"ಬಿತ್ತಬಹುದೋ, ಮುಂದಿನ ವರ್ಷ ಆ ಕಡಿ ಎಣ್ಣಿ ಮತ್ತ ಬಂತಂದ್ರ ನಂದು ಯಾರು ತಗೋತಾರ?" ಅಂದ.