ಕುರ್ಚಿ ಮಗುಚಿ ನೋಡಿದ ಮೇಲೆ

ನಮ್ಮದು ಬೆಂಗಳೂರಿನ ಸಣ್ಣ ಆಫೀಸು. ಲೆಕ್ಕ ಬರೆಯುವುದರ ಜೊತೆಗೆ ಸಾಮಾನು ಖರೀದಿಯೂ ನನ್ನದೇ. ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಕುರ್ಚಿ ತರಲು ಒಂದು ಗೋಡೌನಿಗೆ ಹೋಗಿದ್ದೆ. ಹೊಸ ಬಟ್ಟೆ ಹಾಕಿಸಿ, ಒರೆಸಿ ಸಾಲಾಗಿ ಇಟ್ಟಿದ್ದರು. ಎರಡು ನಿಮಿಷ ಕೂತು ನೋಡಿ 12 ಕುರ್ಚಿ ತಂದುಬಿಟ್ಟೆ.

ಮೂರು ತಿಂಗಳಾಗುವಷ್ಟರಲ್ಲಿ ಒಂದೊಂದೇ ಇಳಿಯತೊಡಗಿದವು. ಬೆಳಿಗ್ಗೆ ಎತ್ತರ ಮಾಡಿ ಕೂತರೆ ಊಟದ ಹೊತ್ತಿಗೆ ಸೀಟು ಕೆಳಗೆ, ಕೀಬೋರ್ಡು ಎದೆಮಟ್ಟಕ್ಕೆ. "ಸಾರ್, ಸಾಯಂಕಾಲ ಭುಜ ಎತ್ತೋಕಾಗಲ್ಲ" ಎಂದು ಬಿಲ್ಲಿಂಗ್ ನೋಡುವ ಹುಡುಗಿ ಹೇಳಿದಾಗ ತುಂಬಾ ಬೇಜಾರಾಯಿತು. ಅವಳು ದಿನಕ್ಕೆ ಎಂಟು ಗಂಟೆ ಕೂರುವ ಜಾಗವನ್ನು ನಾನು ಎರಡು ನಿಮಿಷದಲ್ಲಿ ಆರಿಸಿದ್ದೆ.

ರಿಪೇರಿಗೆ ಬಂದವರು ಮೊದಲು ಮಾಡಿದ್ದೇ ಕುರ್ಚಿ ಮಗುಚಿದ್ದು. ಹೊಸ ಬಟ್ಟೆಯ ಒಳಗೆ ಹಳೇ ಪ್ಲೈವುಡ್, ಬೋಲ್ಟಿನ ತೂತಿನ ಹತ್ತಿರ ಬಿರುಕು. ಎತ್ತರ ಇಳಿಸುವ ಗ್ಯಾಸ್ ಸಿಲಿಂಡರ್ ಸವೆದಿತ್ತು. ಅದಕ್ಕೆ ಸ್ಕ್ರೂ ಇರುವುದಿಲ್ಲ. ತುದಿ ಸ್ವಲ್ಪ ಚೂಪಾಗಿದ್ದು, ಕೂತವರ ಭಾರಕ್ಕೇ ಬಿಗಿಯಾಗಿ ಕೂರುತ್ತದೆ. ಕೆಳಗಿನಿಂದ ಸುತ್ತಿಗೆಯಲ್ಲಿ ತಟ್ಟಿ ತೆಗೆದು ಬೇರೆ ಹಾಕಿದರು. ಆದರೆ ಸಿಲಿಂಡರನ್ನು ಮಾತ್ರ ಯಾರೂ ಬಿಚ್ಚಬಾರದು. ಒಳಗೆ ಒತ್ತಡದಲ್ಲಿ ತುಂಬಿದ ನೈಟ್ರೋಜನ್ ಇರುತ್ತದೆ, ಅಪಾಯ.

ಸಿಲಿಂಡರು, ಚಕ್ರ, ಕೈಯಿಡುವ ಪ್ಯಾಡು, ಇವೆಲ್ಲ ಬದಲಿಸಬಹುದಾದ ಭಾಗಗಳು. ಅವು ಹಾಳಾಗಿದ್ದರೆ ಅಷ್ಟು ಕಡಿಮೆಗೆ ಕೇಳಬಹುದು. ಸೀಟಿನ ಹಲಗೆ, ಅದರ ಕೆಳಗಿನ ಕಬ್ಬಿಣದ ಮೆಕ್ಯಾನಿಸಂ, ಐದು ಕಾಲಿನ ಬೇಸು, ಇವುಗಳಲ್ಲಿ ಬಿರುಕೋ ಹೊಸ ವೆಲ್ಡಿಂಗೋ ಕಂಡರೆ ಎಷ್ಟೇ ಅಗ್ಗವಾದರೂ ಬೇಡ.

ಮುಂದಿನ ಸಲ ಆರು ಕುರ್ಚಿ ಬೇಕಾದಾಗ ಒಂದೊಂದನ್ನೂ ಮಗುಚಿದೆ. ಸೀಟಿನ ಕೆಳಗಿನ ಚೀಟಿಯಲ್ಲಿ ಮಾಡೆಲ್, ತಯಾರಾದ ತಿಂಗಳು ಹುಡುಕಿದೆ. ಚೀಟಿ ಕಿತ್ತಿದ್ದ ಕುರ್ಚಿಗಳನ್ನು ಬಿಟ್ಟೆ. ಮಾಡೆಲ್ ಗೊತ್ತಿಲ್ಲದಿದ್ದರೆ ಸ್ಪೇರ್ ಹುಡುಕುವುದೇ ಕಷ್ಟ, ಅಲ್ವಾ? ಆಮೇಲೆ ಪೂರ್ತಿ ಎತ್ತರ ಮಾಡಿ, ಅಂಗಡಿಯವರ ಜೊತೆ ಮಾತಾಡುತ್ತಾ ಇಪ್ಪತ್ತು ನಿಮಿಷ ಕೂತೆ. ಎದ್ದು ಟೇಪಿನಲ್ಲಿ ಅಳೆದೆ. ಒಂದು ಕುರ್ಚಿ ಎರಡು ಇಂಚು ಇಳಿದಿತ್ತು. ಅವರೇ ಬೇರೆ ಕೊಟ್ಟರು.

ಅಲ್ಲೊಂದು ಏರಾನ್ ಕೂಡ ಇತ್ತು, ಅಮೆರಿಕದ ಹರ್ಮನ್ ಮಿಲ್ಲರ್ ಕಂಪನಿಯ ಹೆಸರಾಂತ ಆಫೀಸ್ ಕುರ್ಚಿ. 1994ರಲ್ಲಿ ಬಂದ ಮಾಡೆಲ್, ಇವತ್ತಿಗೂ ಬೇಡಿಕೆ ಇದೆ. ಅದರಲ್ಲಿ ಎ, ಬಿ, ಸಿ ಎಂದು ಮೂರು ಅಳತೆ. ಬೆನ್ನಿನ ಚೌಕಟ್ಟಿನ ಮೇಲಂಚನ್ನು ಹಿಂದಿನಿಂದ ಸವರಿದರೆ ಉಬ್ಬಿದ ಚುಕ್ಕಿ ಕೈಗೆ ಸಿಗುತ್ತವೆ: ಒಂದಿದ್ದರೆ ಎ, ಎರಡಿದ್ದರೆ ಬಿ, ಮೂರಿದ್ದರೆ ಸಿ. ಅಲ್ಲಿದ್ದದ್ದು ಸಿ, ದೊಡ್ಡ ಮೈಕಟ್ಟಿನವರಿಗೆ. ನಮ್ಮ ಬಿಲ್ಲಿಂಗ್ ಹುಡುಗಿ ಗಿಡ್ಡ. ಹೆಸರು ನೋಡಿ ಸುಮ್ನೆ ತಂದಿದ್ದರೆ ಅವಳ ಕಾಲು ನೆಲಕ್ಕೇ ತಾಗುತ್ತಿರಲಿಲ್ಲವೇನೋ.

ಅವಳನ್ನೇ ಮಾರನೇ ದಿನ ಗೋಡೌನಿಗೆ ಕರೆದುಕೊಂಡು ಹೋದೆ. ನಾಲ್ಕು ಕುರ್ಚಿಯಲ್ಲಿ ಕೂತು, ಐದನೆಯದನ್ನು ಆರಿಸಿದಳು. ಈಗಲೂ ಅದರಲ್ಲೇ ಕೂರುತ್ತಾಳೆ.