ಲಾಕ್ ಆಗಿದ್ದ ಸೆಲ್ಲಿನ 11.7

ಕಾರ್ಪೊರೇಟ್ ಫೈನಾನ್ಸ್ ಕಲಿಯುವವರಿಗೆ ಎನ್‌ಪಿವಿ (ಮುಂದೆ ಬರುವ ಹಣದ ಇಂದಿನ ಮೌಲ್ಯದಿಂದ ಹೂಡಿಕೆಯನ್ನು ಕಳೆದಾಗ ಉಳಿಯುವ ಮೊತ್ತ) ಲೆಕ್ಕ ಬಹಳ ಬೇಗ ಕೈವಶವಾಗುತ್ತದೆ. ಆ ಲೆಕ್ಕಕ್ಕೆ ಯಾವ ದರ ಹಾಕಬೇಕೆಂಬುದು ಮಾತ್ರ ತಡವಾಗಿ ತಿಳಿಯುತ್ತದೆ. ನನಗೆ ಅದು ಸ್ಪಷ್ಟವಾದದ್ದು, ದೊಡ್ಡ ಹೂಡಿಕೆಗಳಿಗೆ ಒಪ್ಪಿಗೆ ಕೊಡುವ ಕ್ಯಾಪೆಕ್ಸ್ ಸಮಿತಿಯ ಒಂದು ಸಭೆಯಲ್ಲಿ, ನಾನೇ ಪರಿಶೀಲಿಸಿ ಸಹಿ ಹಾಕಿದ್ದ ಪ್ರಸ್ತಾವ ಚರ್ಚೆಗೆ ಬಂದಾಗ.

ಕಂಪನಿಗೆ ತೀರ ಹೊಸದಾದ ಒಂದು ವ್ಯವಹಾರದಲ್ಲಿ 100 ಕೋಟಿ ಹೂಡುವ ಪ್ರಸ್ತಾವ ಅದು. ಐದು ವರ್ಷ, ವರ್ಷಕ್ಕೆ 27 ಕೋಟಿ ನಗದು ಒಳಹರಿವು, ಕೊನೆಗೆ ಉಳಿಕೆ ಮೌಲ್ಯ ಸೊನ್ನೆ. ಬ್ಯಾಂಕು 9% ಬಡ್ಡಿಗೆ ಸಾಲ ಕೊಡಲು ಒಪ್ಪಿತ್ತು. ವ್ಯವಹಾರ ವಿಭಾಗದವರು ತಮ್ಮದೇ ಶೀಟಿನಲ್ಲಿ ಆ 9% ಅನ್ನೇ ಡಿಸ್ಕೌಂಟ್ ದರವಾಗಿ (ಮುಂದಿನ ಹಣವನ್ನು ಇಂದಿನ ಮೌಲ್ಯಕ್ಕೆ ಇಳಿಸುವ ದರ) ಹಾಕಿ, ಎನ್‌ಪಿವಿ 5 ಕೋಟಿ ಪಾಸಿಟಿವ್ ಎಂದು ತೋರಿಸಿದ್ದರು. ಐಆರ್‌ಆರ್ (ಎನ್‌ಪಿವಿ ಸೊನ್ನೆಯಾಗುವ ದರ) ಸುಮಾರು 10.9%, ಬಡ್ಡಿ 9%, ನಡುವೆ ಉಳಿದದ್ದೆಲ್ಲ ಲಾಭ ಎಂಬುದು ಅವರ ವಾದವಾಗಿತ್ತು.

ಈ ವಾದ ನಿಲ್ಲುವುದಿಲ್ಲವೆಂದು ನನಗೆ ಗೊತ್ತಿತ್ತು. ಬ್ಯಾಂಕು 9%ಗೆ ಸಾಲ ಕೊಡುವುದು ಈ ಒಂದು ಯೋಜನೆಯನ್ನು ನಂಬಿ ಅಲ್ಲ. ಯೋಜನೆ ಮುಳುಗಿದರೂ ಇಡೀ ಕಂಪನಿಯ ಆದಾಯದಿಂದ ವಸೂಲಾಗುತ್ತದೆ ಎಂಬ ಧೈರ್ಯದ ಮೇಲೆ. ಆ ಧೈರ್ಯದ ಖರ್ಚು ಷೇರುದಾರರ ತಲೆಯ ಮೇಲೆ ಬೀಳುತ್ತದೆ. ಸಾಲ ಏರಿದಂತೆ ಅವರ ಪಾಲಿನ ಅಪಾಯ ಏರುತ್ತದೆ, ಅವರು ಬಯಸುವ ಪ್ರತಿಫಲವೂ ಏರುತ್ತದೆ. ಇನ್ನೂ ನೇರವಾಗಿ ನೋಡುವುದಾದರೆ, ಈ ವರ್ಷ ಸಾಲ ಸಿಕ್ಕಿತೆಂದು 10.9%ರ ಯೋಜನೆಯನ್ನು ಒಪ್ಪಿಕೊಂಡು, ಮುಂದಿನ ವರ್ಷ ಸಾಲದ ಮಿತಿ ಮುಗಿದು ಈಕ್ವಿಟಿ (ಷೇರುದಾರರ ಹಣ) ಎತ್ತಬೇಕಾಗಿ ಬಂದಾಗ ಅಷ್ಟೇ ಅಪಾಯದ 13%ರ ಯೋಜನೆಯನ್ನು 15% ಈಕ್ವಿಟಿ ವೆಚ್ಚದ ಎದುರು ನಿಲ್ಲಿಸಿ ತಿರಸ್ಕರಿಸಿದರೆ, ಕಂಪನಿ ಕೆಟ್ಟದ್ದನ್ನು ಹಿಡಿದು ಒಳ್ಳೆಯದನ್ನು ಬಿಟ್ಟಂತಾಗುತ್ತದೆ. ಅರ್ಥಶಾಸ್ತ್ರಜ್ಞರಾದ ಮೊದಿಗ್ಲಿಯಾನಿ ಮತ್ತು ಮಿಲ್ಲರ್ 1958ರ ತಮ್ಮ ಪ್ರಬಂಧದಲ್ಲಿ, ತೆರಿಗೆಯಿಲ್ಲದ ಆದರ್ಶ ಮಾರುಕಟ್ಟೆಯಲ್ಲಿ ಹೂಡಿಕೆ ದಾಟಬೇಕಾದ ದರಕ್ಕೂ ಅದಕ್ಕೆ ಹಣ ಒದಗಿಸಿದ ಬಗೆಗೂ ಸಂಬಂಧವಿಲ್ಲವೆಂದು ತೋರಿಸಿದ್ದರು. ಬಡ್ಡಿಯ ಮೇಲಿನ ತೆರಿಗೆ ಉಳಿತಾಯದ ಪರಿಣಾಮವನ್ನು 1963ರಲ್ಲಿ ತಿದ್ದಿ ಬರೆದರು. ನಾವು ದಿನವೂ ಬಳಸುವ ವ್ಯಾಕ್‌ನಲ್ಲಿ, ಅಂದರೆ ಸಾಲ ಮತ್ತು ಈಕ್ವಿಟಿಯ ವೆಚ್ಚಗಳನ್ನು ಅವುಗಳ ಪಾಲಿಗೆ ತಕ್ಕಂತೆ ಕೂಡಿದ ಸರಾಸರಿಯಲ್ಲಿ, ಬಡ್ಡಿಯನ್ನು ತೆರಿಗೆ ಕಳೆದು ಹಾಕುವುದು ಆ ಉಳಿತಾಯಕ್ಕಾಗಿಯೇ.

ಹಾಗಾಗಿ ಪ್ರಸ್ತಾವವನ್ನು ಕಂಪನಿಯ ಟೆಂಪ್ಲೇಟಿಗೆ ತರಿಸಿದೆ. ಅಲ್ಲಿ ಡಿಸ್ಕೌಂಟ್ ದರದ ಸೆಲ್ಲಿಗೆ ಪಾಸ್‌ವರ್ಡ್ ಇದೆ, ಯಾರೂ ಮುಟ್ಟುವಂತಿಲ್ಲ. ಅದರಲ್ಲಿದ್ದದ್ದು 11.7%. ಸಾಲದ ಪಾಲು 40%, 25% ತೆರಿಗೆ ಕಳೆದ ಬಡ್ಡಿ 6.75%, ಈಕ್ವಿಟಿಯ ಪಾಲು 60%, ವೆಚ್ಚ 15%, ಕೂಡಿದರೆ ಸರಿಯಾಗಿ 11.7. ಆ ದರದಲ್ಲಿ ಎನ್‌ಪಿವಿ ಸುಮಾರು 1.9 ಕೋಟಿ ನೆಗೆಟಿವ್ ಆಯಿತು. ವ್ಯವಹಾರ ವಿಭಾಗದವರು ಮಾರಾಟದ ಅಂದಾಜನ್ನು ಮತ್ತೊಮ್ಮೆ ನೋಡಿ ವಾರ್ಷಿಕ ಒಳಹರಿವನ್ನು 28 ಕೋಟಿಗೆ ಏರಿಸಿ ಕಳಿಸಿದರು. ಆಧಾರಗಳು ಒಪ್ಪುವಂತಿದ್ದವು. ಎನ್‌ಪಿವಿ 1.7 ಕೋಟಿ ಪಾಸಿಟಿವ್ ಆಯಿತು, ನಾನು ಸಹಿ ಹಾಕಿದೆ. ತಪ್ಪು ದರವನ್ನು ತೆಗೆದು ಸರಿಯಾದ ದರವನ್ನು ಹಾಕಿಸಿದ್ದೇನೆ ಎಂಬ ಭರವಸೆ ನನಗೆ ಪೂರ್ತಿ ಇತ್ತು.

ಸಭೆಯಲ್ಲಿ, ಕಂಪನಿಗೆ ಹಣ ಹೊಂದಿಸುವ ಟ್ರೆಷರಿ ವಿಭಾಗದ ಮುಖ್ಯಸ್ಥರು ಸಾರಾಂಶದ ಪುಟ ಬಿಟ್ಟು ನೇರವಾಗಿ ಅಸಂಪ್ಶನ್ಸ್ ಪುಟಕ್ಕೆ ಹೋದರು. “ಈ 11.7 ಯಾರ ದರ?” ಎಂದು ಕೇಳಿದರು.

“ಕಂಪನಿಯ ವ್ಯಾಕ್, ಮೇಡಂ” ಎಂದೆ.

“ಅದು ನಾವು ಈಗ ಮಾಡುತ್ತಿರುವ ವ್ಯವಹಾರಗಳ ದರ. ಈ ಯೋಜನೆ ಆ ವ್ಯವಹಾರಗಳದ್ದೇ?”

ಉತ್ತರ ಹೊಳೆಯಲು ಹೊತ್ತು ಹಿಡಿಯಿತು. ಹಣ ಕೊಡುವವರು ಕಂಪನಿಯನ್ನು ನೋಡಿ ಕೊಡುತ್ತಾರೆ, ಆದ್ದರಿಂದ ಕಂಪನಿಯ ಸರಾಸರಿ ವೆಚ್ಚವೇ ನ್ಯಾಯವಾದ ಅಳತೆ ಎಂದು ಹೇಳಿದೆ. ಹೇಳಿ ಮುಗಿಸುವಾಗಲೇ, ಬ್ಯಾಂಕಿನ 9% ಬಗ್ಗೆ ವ್ಯವಹಾರ ವಿಭಾಗದವರು ಹೇಳಿದ್ದನ್ನೇ ನಾನು ಬೇರೆ ಮಾತಿನಲ್ಲಿ ಹೇಳುತ್ತಿದ್ದೇನೆ ಎಂಬುದು ಹೊಳೆಯಿತು. ಅವರು ಒಂದು ಮೂಲದ ವೆಚ್ಚವನ್ನು ಹಿಡಿದಿದ್ದರು, ನಾನು ಎರಡು ಮೂಲಗಳ ಸರಾಸರಿಯನ್ನು ಹಿಡಿದಿದ್ದೆ. ಹಣ ಎಲ್ಲಿಂದ ಬರುತ್ತದೆ ಎಂಬುದನ್ನೇ ಇಬ್ಬರೂ ನೋಡಿದ್ದೆವು, ಎಲ್ಲಿಗೆ ಹೋಗುತ್ತದೆ ಎಂಬುದನ್ನು ಯಾರೂ ಕೇಳಿರಲಿಲ್ಲ.

ಆಗ ಮೇಡಂ ಹೇಳಿದ ಮಾತು ಪಠ್ಯಪುಸ್ತಕದ ಎಷ್ಟೋ ಪುಟಗಳಿಗಿಂತ ಹೆಚ್ಚು ತಿಳಿಸಿತು. ಈ ವ್ಯವಹಾರವನ್ನಷ್ಟೇ ಮಾಡುವ ಲಿಸ್ಟೆಡ್ ಕಂಪನಿಗಳು ಇವೆ. ಹೂಡಿಕೆದಾರರು ಬೇಕೆಂದರೆ ಅವುಗಳಲ್ಲಿ ನೇರವಾಗಿ ಹಣ ಹಾಕಿ, ಇದೇ ಅಪಾಯಕ್ಕೆ ಸುಮಾರು 14% ನಿರೀಕ್ಷಿಸಬಹುದು. ಹಾಗಿರುವಾಗ ಅದೇ ಹಣವನ್ನು ನಮ್ಮ ಮೂಲಕ ಅದೇ ಅಪಾಯಕ್ಕೆ ಒಡ್ಡಿ 12% ಚಿಲ್ಲರೆ ಪಡೆದು ಅವರು ಏಕೆ ತೃಪ್ತರಾಗಬೇಕು? 14% ಎಲ್ಲಿಂದ ಬಂತೆಂದು ಅಧ್ಯಕ್ಷರು ಕೇಳಿದರು. ಆ ಕಂಪನಿಗಳ ಬೀಟಾ (ಇಡೀ ಮಾರುಕಟ್ಟೆಯ ಜೊತೆ ಷೇರು ಎಷ್ಟು ಏರಿಳಿಯುತ್ತದೆ ಎಂಬುದರ ಅಳತೆ) ತೆಗೆದು, ಅವುಗಳ ಸಾಲದ ಪ್ರಭಾವವನ್ನು ಕಳೆದು ವ್ಯವಹಾರದ್ದೇ ಬೀಟಾವನ್ನು ಬೇರ್ಪಡಿಸಿ, ಅಂಥ ವ್ಯವಹಾರ ಹೊರಬಲ್ಲ ಸಾಲದ ಪ್ರಮಾಣಕ್ಕೆ ಮತ್ತೆ ಹೊಂದಿಸಿದ ಲೆಕ್ಕ ಅವರ ಬಳಿ ಸಿದ್ಧವಿತ್ತು.

ವ್ಯವಹಾರ ವಿಭಾಗದ ಮುಖ್ಯಸ್ಥರು ಸುಲಭಕ್ಕೆ ಬಿಡಲಿಲ್ಲ. ಹೊಸ ವ್ಯವಹಾರ ಬಂದರೆ ಕಂಪನಿಯ ಆದಾಯ ಹಲವು ಕಡೆ ಹಂಚಿಹೋಗುತ್ತದೆ, ಒಟ್ಟು ಅಪಾಯ ಇಳಿಯುತ್ತದೆ, ಆದ್ದರಿಂದ ದರವನ್ನು ಇಳಿಸಬೇಕೇ ಹೊರತು ಏರಿಸಬಾರದು ಎಂದರು. ಕೇಳಲು ಸಮಂಜಸವೆನಿಸುವ ಮಾತು. ನಾನೂ ಒಂದು ಕ್ಷಣ ಅದಕ್ಕೆ ಜೋತುಬೀಳಲು ನೋಡಿದೆ. ಆದರೆ ಅಪಾಯವನ್ನು ಹಂಚಿಕೊಳ್ಳುವ ಕೆಲಸವನ್ನು ಷೇರುದಾರರು ಎರಡು ಬಗೆಯ ಷೇರು ಕೊಂಡು ತಾವೇ ಮಾಡಿಕೊಳ್ಳಬಲ್ಲರು, ಅದಕ್ಕಾಗಿ ನಮಗೆ ರಿಯಾಯಿತಿ ಕೊಡಬೇಕಾಗಿಲ್ಲ. ದರದಲ್ಲಿ ಸೇರುವುದು, ಹಾಗೆ ಹಂಚಿದ ಮೇಲೂ ಇಡೀ ಮಾರುಕಟ್ಟೆಯ ಜೊತೆ ಏರಿ ಇಳಿಯುತ್ತ ಉಳಿಯುವ ಅಪಾಯ ಮಾತ್ರ.

14% ಹಾಕಿ ನೋಡೋಣ ಎಂದು ಅಧ್ಯಕ್ಷರು ಹೇಳಿದಾಗ ಟೆಂಪ್ಲೇಟ್ ಒಪ್ಪಲಿಲ್ಲ. ಪಾಸ್‌ವರ್ಡ್ ಇದ್ದವರು ಸಭೆಯಲ್ಲಿರಲಿಲ್ಲ. ಎಲ್ಲರೂ ಪರದೆಯ ಮೇಲಿನ ಆ ಬೂದು ಸೆಲ್ಲನ್ನೇ ನೋಡುತ್ತಿರುವಾಗ ನಾನು ಕೈಲಿದ್ದ ಪ್ರತಿಯ ಅಂಚಿನಲ್ಲಿ ಬರೆದೆ: ಐದು ವರ್ಷಕ್ಕೆ 14%ರ ಆ್ಯನ್ಯುಟಿ ಫ್ಯಾಕ್ಟರ್ (ವರ್ಷಕ್ಕೆ ಒಂದು ರೂಪಾಯಿಯಂತೆ ಬರುವ ಹಣದ ಇಂದಿನ ಮೌಲ್ಯ) 3.433, ಅದನ್ನು 28ರಿಂದ ಗುಣಿಸಿದರೆ 96.1, ನೂರು ಕಳೆದರೆ 3.9 ಕೋಟಿ ನೆಗೆಟಿವ್. ಅದನ್ನು ಓದಿ ಹೇಳಬೇಕಾದವನೂ ನಾನೇ. ಅಷ್ಟು ದಿನ ಮಾರಾಟದ ಅಂದಾಜಿನ ಒಂದೊಂದು ಸಾಲನ್ನೂ ಪ್ರಶ್ನಿಸಿ, ಇಡೀ ಉತ್ತರವನ್ನು ತಿರುಗಿಸಬಲ್ಲ ಆ ಒಂದೇ ಸಂಖ್ಯೆಯನ್ನು ಲಾಕ್ ಆಗಿದೆ ಎಂಬ ಕಾರಣಕ್ಕೆ ಸತ್ಯವೆಂದು ನಂಬಿದ್ದೆ. ಆ ಲಾಕ್ ಅದನ್ನು ಯಾರೂ ಬದಲಿಸದಂತೆ ತಡೆದಿತ್ತು, ಅಷ್ಟೇ. ಅದು ಸರಿಯೆಂದು ಯಾರೂ ಹೇಳಿರಲಿಲ್ಲ.

ಪ್ರಸ್ತಾವ ಹಿಂದಿರುಗಿ, ಮುಂದೆ ಎರಡು ಹಂತಗಳಾಗಿ ಬಂತು: ಮೊದಲು ಸಣ್ಣ ಹೂಡಿಕೆ, ಅದರ ಫಲ ನೋಡಿಕೊಂಡು ಮಾತ್ರ ಉಳಿದದ್ದು. ಕಾದು ನೋಡುವ ಅವಕಾಶಕ್ಕೂ ಬೆಲೆಯಿದೆ, ಆ ರೂಪದಲ್ಲಿ ಅದು ಒಪ್ಪಿಗೆಗೆ ಯೋಗ್ಯವಾಗಿತ್ತು.

ಇದಕ್ಕಿಂತ ಹೆಚ್ಚು ನೋವು ಕೊಟ್ಟದ್ದು ಹಳೆಯ ಫೈಲುಗಳು. ಸಭೆಯ ನಂತರ ಅವನ್ನು ತೆಗೆದು ನೋಡಿದೆ. ದೀರ್ಘಾವಧಿ ಒಪ್ಪಂದದ ಮೇಲೆ ನಿಂತ, ಆದಾಯ ಹೆಚ್ಚು ಕದಲದ ವೆಚ್ಚ ಉಳಿತಾಯದ ಯೋಜನೆಗಳು 10%, 10.5% ಐಆರ್‌ಆರ್ ಇದ್ದೂ ಹರ್ಡಲ್ (ಯೋಜನೆ ದಾಟಲೇಬೇಕಾದ ದರ) ದಾಟಲಿಲ್ಲವೆಂದು ಬಿದ್ದುಹೋಗಿದ್ದವು. ಅವುಗಳ ಅಪಾಯಕ್ಕೆ 9% ಸಾಕಾಗಿತ್ತೇನೋ. ಎಲ್ಲಕ್ಕೂ ಒಂದೇ ದರ ಇಟ್ಟರೆ ಅಪಾಯ ಹೆಚ್ಚಿರುವವು ಸಲೀಸಾಗಿ ಒಳಬರುತ್ತವೆ, ಅಪಾಯ ಕಡಿಮೆಯಿರುವವು ಹೊರಗುಳಿಯುತ್ತವೆ; ಹೀಗೆ ವರ್ಷಗಟ್ಟಲೆ ನಡೆದರೆ ಕಂಪನಿಯ ಅಪಾಯವೇ ಮೆಲ್ಲಗೆ ಏರಿ, ಆ ಸರಾಸರಿ ದರವೂ ಹಳೆಯದಾಗಿರುತ್ತದೆ.

ದರದ ಲಾಕ್ ತೆಗೆದರೆ ಪ್ರತಿ ವಿಭಾಗವೂ ತನಗೆ ಅನುಕೂಲವಾದದ್ದನ್ನು ಹಾಕಿಕೊಳ್ಳುತ್ತದೆ ಎಂಬುದು ಆಡಳಿತದ ಆಕ್ಷೇಪ. ಆ ಭಯ ನಿಜವಾದದ್ದೇ, ಮೊದಲ ಶೀಟಿನ 9% ಅದಕ್ಕೆ ಸಾಕ್ಷಿ. ಆದರೆ ಅದಕ್ಕೆ ಉತ್ತರ ಒಂದೇ ದರವಲ್ಲ; ಟ್ರೆಷರಿಯು ವರ್ಷಕ್ಕೊಮ್ಮೆ ಒಂದೊಂದು ವ್ಯವಹಾರಕ್ಕೂ ದರ ನಿಗದಿ ಮಾಡಿ, ಅದರ ಬೀಟಾ ಮತ್ತು ಸಾಲದ ಪ್ರಮಾಣವನ್ನು ಅದೇ ಪುಟದಲ್ಲಿ ತೋರಿಸಲಿ, ಬೇಕಾದರೆ ಆ ಸಾಲುಗಳಿಗೆಲ್ಲ ಲಾಕ್ ಹಾಕಲಿ. ಈ ಕೋರಿಕೆ ಕೊಟ್ಟಿದ್ದೇವೆ. ಟೆಂಪ್ಲೇಟ್ ಇನ್ನೂ ಬದಲಾಗಿಲ್ಲ. ಅಲ್ಲಿಯವರೆಗೆ ನನ್ನ ಬಳಿ ಬರುವ ಪ್ರತಿ ಪ್ರಸ್ತಾವಕ್ಕೂ 9ರಿಂದ 16ರವರೆಗಿನ ಒಂದೊಂದು ದರಕ್ಕೂ ಎನ್‌ಪಿವಿ ಎಷ್ಟಾಗುತ್ತದೆಂದು ತೋರಿಸುವ ಸೆನ್ಸಿಟಿವಿಟಿ ಟೇಬಲ್ ಅನ್ನು ಬೇರೆ ಶೀಟಿನಲ್ಲಿ ಮಾಡಿ, ಈ ಅಪಾಯವನ್ನೇ ಹೊತ್ತ ಲಿಸ್ಟೆಡ್ ಕಂಪನಿಗಳು ಯಾವುವು ಎಂಬ ಪ್ರಶ್ನೆಗೆ ವಿಭಾಗದವರಿಂದ ಬರವಣಿಗೆಯಲ್ಲಿ ಉತ್ತರ ಪಡೆದ ಮೇಲಷ್ಟೇ ಸಮಿತಿಗೆ ಕಳಿಸುತ್ತಿದ್ದೇನೆ.