ದಸರಾ ರಜೆಯಲ್ಲಿ ಪ್ರತಿ ವರ್ಷವೂ ಹೊಲಕ್ಕೇ ಏಕೆ ಹೋಗುತ್ತೀರಿ?

ಸೆಪ್ಟೆಂಬರ್ ತಿಂಗಳ ಕೊನೆಯಲ್ಲಿ, ಮಕ್ಕಳ ಅರ್ಧವಾರ್ಷಿಕ ಪರೀಕ್ಷೆ ಮುಗಿಯುವ ಹೊತ್ತಿಗೆ, ಬೆಂಗಳೂರಿನ ನಮ್ಮ ಗೆಳೆಯರು ರಜೆಯ ಪ್ರವಾಸದ ಮಾತು ತೆಗೆಯುತ್ತಾರೆ. ಒಬ್ಬರು ಊಟಿ ಎನ್ನುತ್ತಾರೆ, ಇನ್ನೊಬ್ಬರು ಮಡಿಕೇರಿ ಎನ್ನುತ್ತಾರೆ. ನಮ್ಮ ಸರದಿ ಬಂದಾಗ ಮಾತ್ರ ಉತ್ತರಕ್ಕೆ ಕಾಯದೆ ಪ್ರಶ್ನೆಯನ್ನೇ ಕೇಳುತ್ತಾರೆ: "ನೀವು ಪ್ರತಿ ವರ್ಷ ಅದೇ ಊರು, ಅದೇ ಹೊಲ ಅಂತ ಯಾಕೆ ಹೋಗುತ್ತೀರಿ? ಮಕ್ಕಳಿಗೆ ಬೇಸರವಾಗುವುದಿಲ್ಲವೇ?" ಇಷ್ಟು ವರ್ಷ ಇದಕ್ಕೆ ಅರ್ಧ ಮಾತಿನಲ್ಲಿ ಉತ್ತರಿಸಿದ್ದೇನೆ. ಈ ಸಲ ಪೂರ್ತಿಯಾಗಿ ಹೇಳಬೇಕೆನ್ನಿಸಿತು.

ನಾವು ಹೋಗುವುದು ಶೀಗಿ ಹುಣ್ಣಿಮೆಗೆ. ವಿಜಯದಶಮಿಯಂದು ಬನ್ನಿ ಹಂಚಿ "ಬಂಗಾರದ್ಹಂಗ ಇರೋಣ" ಎಂದು ಹೇಳಿಕೊಂಡ ಐದನೆಯ ದಿನಕ್ಕೆ ಆಶ್ವಯುಜದ ಈ ಹುಣ್ಣಿಮೆ ಬರುತ್ತದೆ. ಮಲೆನಾಡಿನಲ್ಲಿ ಇದನ್ನೇ ಭೂಮಿ ಹುಣ್ಣಿಮೆ ಎಂದು ಆಚರಿಸುತ್ತಾರೆ. ನಮ್ಮ ಊರಿರುವುದು ಗದಗ ಜಿಲ್ಲೆಯಲ್ಲಿ, ಡಂಬಳದಿಂದ ಮುಂಡರಗಿಯ ಕಡೆಗೆ ಹೋಗುವ ಎರೆ ಭೂಮಿಯಲ್ಲಿ, ಅಂದರೆ ಕಪ್ಪು ಮಣ್ಣಿನ ನೆಲದಲ್ಲಿ. ಆ ಹೊತ್ತಿಗೆ ಮುಂಗಾರಿನ ಹೆಸರುಕಾಳು ಮನೆ ಸೇರಿರುತ್ತದೆ, ಶೇಂಗಾ ಕೀಳಲು ಬಂದಿರುತ್ತದೆ, ಹತ್ತಿ ಹೂವು ಬಿಟ್ಟು ಕಾಯಿ ಕಟ್ಟುತ್ತಿರುತ್ತದೆ. ಹೊಲ ಹೀಗೆ ತುಂಬಿ ನಿಂತಿರುವಾಗ ಭೂಮಿತಾಯಿ ಬಸುರಿಯಾಗಿದ್ದಾಳೆ, ಅವಳ ಬಯಕೆ ತೀರಿಸಬೇಕು ಎಂಬುದು ನಮ್ಮ ಜನರ ನಂಬಿಕೆ. ಬಸುರಿಗೆ ಊಟ ಒಯ್ಯಬೇಕಾದರೆ ಅವಳಿರುವಲ್ಲಿಗೇ ಹೋಗಬೇಕಲ್ಲವೇ? ನಾವು ಹೊಲಕ್ಕೆ ಹೋಗಲು ಮೊದಲ ಕಾರಣ ಇದು.

ಎರಡನೆಯ ಕಾರಣ, ಈ ಕೂಟದಲ್ಲಿ ನೋಡುವವರೇ ಇರುವುದಿಲ್ಲ, ಎಲ್ಲರೂ ಮಾಡುವವರೇ. ಪ್ರವಾಸಿ ತಾಣಗಳಲ್ಲಿ ನಮ್ಮ ಮಕ್ಕಳು ಸಾಲಿನಲ್ಲಿ ನಿಂತಿದ್ದಾರೆ, ಟಿಕೆಟ್ ಹಿಡಿದಿದ್ದಾರೆ, ಫೋಟೋಕ್ಕೆ ನಕ್ಕಿದ್ದಾರೆ. ಇಲ್ಲಿ ಹಾಗಲ್ಲ. ಹುಣ್ಣಿಮೆಗೆ ಎರಡು ದಿನ ಮುಂಚೆಯೇ ಅಡುಗೆಮನೆಯಲ್ಲಿ ಸಜ್ಜೆ ರೊಟ್ಟಿ ತಟ್ಟುವ ಸಪ್ಪಳ ಶುರುವಾಗುತ್ತದೆ. ಎಳ್ಳು ಹಚ್ಚಿ ತಟ್ಟಿ, ಕಟಕಟನೆ ಒಣಗಿಸಿ ಬುಟ್ಟಿಯಲ್ಲಿ ಜೋಡಿಸಿಟ್ಟ ರೊಟ್ಟಿಗಳನ್ನು ಎಣಿಸುವ ಕೆಲಸ ನನ್ನ ಕಿರಿಯ ಮಗಳದ್ದು. ಶೇಂಗಾ ಹೋಳಿಗೆಗೆ ಬೆಲ್ಲ ಕುಟ್ಟುವುದು ದೊಡ್ಡ ಮಗನ ಪಾಲಿಗೆ. ನನ್ನ ಸೋದರತ್ತಿ ಎಣ್ಣೆಗಾಯಿಗೆ ಬದನೆಕಾಯಿ ಸೀಳಿ ಮಸಾಲೆ ತುಂಬುತ್ತಾರೆ, ಅವ್ವ ಪುಂಡಿಪಲ್ಯ ಸೋಸುತ್ತಾಳೆ, ಚಿಗವ್ವ ಗುರೆಳ್ಳು ಹುರಿದು ಚಟ್ನಿಪುಡಿ ಕುಟ್ಟುತ್ತಾಳೆ. ಕಳೆದ ವರ್ಷ ನಮ್ಮೊಡನೆ ಬಂದ ಬೆಂಗಳೂರಿನ ಗೆಳೆಯರ ಕುಟುಂಬಕ್ಕೆ ಯಾರೂ "ಕುಂದ್ರ್ರಿ" ಎಂದು ಹೇಳಲಿಲ್ಲ. ಅರ್ಧ ಗಂಟೆಯೊಳಗೆ ಅವರ ಕೈಗೆ ಕಡುಬಿನ ಹೂರಣ ಬಂದಿತ್ತು, ಅಲ್ಲಿಂದ ಮುಂದೆ ಅವರು ನೆಂಟರಾಗಿ ಉಳಿಯಲಿಲ್ಲ, ಮನೆಯವರೇ ಆದರು.

ಹೊಲಕ್ಕೆ ಹೋಗುವುದು ಚಕ್ಕಡಿಯಲ್ಲಿ. ಎತ್ತು ಸಾಕುವ ಮನೆಗಳು ಕಡಿಮೆಯಾಗಿವೆ. ಹೆಚ್ಚಿನವರು ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಜಮಖಾನೆ ಹಾಸಿಕೊಂಡು ಬರುತ್ತಾರೆ. ನಮ್ಮ ಕಾಕಾ ಮಾತ್ರ ಇಂದಿಗೂ ಒಂದು ಜೋಡಿ ಎತ್ತು ಇಟ್ಟಿದ್ದಾರೆ. ಅವುಗಳ ಬೆನ್ನಿಗೆ ಜೂಲಾ ಹೊದಿಸಿ, ಕೊರಳಿಗೆ ಗೆಜ್ಜೆಸರ ಕಟ್ಟಿದಾಗ ಆ ಸದ್ದಿಗೇ ಮಕ್ಕಳು ಹಾಸಿಗೆ ಬಿಟ್ಟು ಏಳುತ್ತಾರೆ.

ಹೊಲದ ನಡುವೆ ಒಂದು ಬನ್ನಿ ಗಿಡವಿದೆ. ಅದರ ಬುಡದಲ್ಲಿರುವ ಐದು ಕಲ್ಲುಗಳೇ ಪಾಂಡವರು. ಅವುಗಳನ್ನು ತೊಳೆದು, ಸುಣ್ಣ ಬಳಿದು, ಕುಂಕುಮ ಹಚ್ಚಿ, ತಂದ ಅಡುಗೆಯಲ್ಲಿ ಎಲ್ಲವನ್ನೂ ಒಂದಿಷ್ಟು ಎಡೆ ಹಿಡಿಯುತ್ತೇವೆ. ಆಮೇಲೆ ಚರಗ. ಕಾಕಾ ಬುಟ್ಟಿಯಲ್ಲಿ ಎಲ್ಲ ಅಡುಗೆಯನ್ನೂ ಕಲಸಿಕೊಂಡು ಬೆಳೆಯ ಸಾಲಿನಲ್ಲಿ ಮುಂದೆ ಮುಂದೆ ನಡೆಯುತ್ತಾ, ಎಡಕ್ಕೂ ಬಲಕ್ಕೂ ಚೆಲ್ಲುತ್ತಾ "ಹುಲ್ಲುಲ್ಲಿಗೋ" ಎಂದು ದನಿ ಎತ್ತುತ್ತಾರೆ. ಹಿಂದೆ ತಂಬಿಗೆ ಹಿಡಿದು ನೀರು ಚಿಮುಕಿಸುತ್ತಾ ಬರುವವರು "ಚೆಲ್ಲಂಬರಿಗೋ" ಎಂದು ದನಿಗೂಡಿಸುತ್ತಾರೆ. ಈ ಕೂಗು ಊರಿಂದ ಊರಿಗೆ ಬೇರೆಯಾಗುತ್ತದೆ, ಪಕ್ಕದ ಊರಿನವರು ಕೂಗುವ ಮಾತೇ ಬೇರೆ. ಮೂರು ವರ್ಷದ ಹಿಂದೆ ತಂಬಿಗೆ ಮೊದಲ ಬಾರಿಗೆ ನನ್ನ ಮಗಳ ಕೈಗೆ ಬಂತು. ಆಗ ಅವಳಿಗೆ ಏಳು ವರ್ಷ. ಮೊದಲೆರಡು ಸಾಲು ನಾಚಿ ಪಿಸುಗುಟ್ಟಿದವಳು, ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಅಕ್ಕಪಕ್ಕದ ಹೊಲಗಳಿಂದಲೂ ಅದೇ ಕೂಗು ಏಳುತ್ತಿರುವುದನ್ನು ಕೇಳಿಸಿಕೊಂಡು, ಕತ್ತೆತ್ತಿ, ಕಂಠ ಬಿಚ್ಚಿ ಕೂಗಿದಳು. ಹಸಿವಾಗಿ ಒಂದು ಹೋಳಿಗೆ ಮುಂಚೆಯೇ ಕೇಳಿದಾಗ ಕಾಕಾ ಹೇಳಿದ್ದು ಇಷ್ಟೇ: "ಮೊದ್ಲ ಅಕಿ ಉಣ್ಲಿ ತಂಗೀ, ಆಮ್ಯಾಲ ನಾವು." ಅಕಿ ಎಂದರೆ ಭೂಮಿತಾಯಿ ಎಂದು ಅವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

ಊಟಕ್ಕೆ ತಾಟು ಬೇಕೆನ್ನಿಸುವುದಿಲ್ಲ. ಅಂಗೈ ಮೇಲೆ ರೊಟ್ಟಿ, ರೊಟ್ಟಿಯ ಮೇಲೆ ಎಣ್ಣೆಗಾಯಿ, ಅಂಚಿಗೆ ಚಟ್ನಿಪುಡಿ, ಅದರ ಮೇಲೊಂದು ಚಮಚ ಮೊಸರು. ದಾರಿಯಲ್ಲಿ ಹೋಗುವವರನ್ನು ಕರೆದು ಉಣಿಸುವುದು ನಮ್ಮ ಕಡೆಯ ಪದ್ಧತಿ. ನಮ್ಮ ಬುತ್ತಿ ಪಕ್ಕದ ಹೊಲಕ್ಕೆ, ಪಕ್ಕದವರ ಬುತ್ತಿ ನಮ್ಮ ಹೊಲಕ್ಕೆ ಹೋಗಿ ಬರುತ್ತಲೇ ಇರುತ್ತದೆ.

ಊಟವಾದ ಮೇಲೆ ಆಟ, ಮಕ್ಕಳು ಕಾಯುವುದೇ ಇದಕ್ಕೆ. ಹೆಸರು ಕಿತ್ತು, ಕಡಲೆ ಬಿತ್ತಲು ಹರಗಿ ಬಿಟ್ಟ ಪಟ್ಟಿಯೊಂದು ಖಾಲಿ ಇರುತ್ತದೆ. ಮಣ್ಣು ಮೆತ್ತಗಿರುವುದರಿಂದ ಬಿದ್ದರೂ ಪೆಟ್ಟಾಗುವುದಿಲ್ಲ. ಎರೆ ಹೊಲದಲ್ಲಿ ಲಗೋರಿಗೆ ಬೇಕಾದ ಚಪ್ಪಟೆ ಕಲ್ಲು ಸಿಗುವುದು ಕಷ್ಟ, ಹಾಗಾಗಿ ಒಡೆದ ಹಂಚಿನ ಏಳು ಚೂರುಗಳನ್ನು ಮನೆಯಿಂದಲೇ ಕಟ್ಟಿಕೊಂಡು ಬರುತ್ತೇವೆ. ಚಿಣಿಪಣಿ (ಗಿಲ್ಲಿದಾಂಡು) ಆಡುವಾಗ ಅರವತ್ತು ದಾಟಿದ ನಮ್ಮ ಮಾವ ಧೋತರದ ಕಚ್ಚೆ ಬಿಗಿದು ಬಂದು ಚಿಣಿಯನ್ನು ಒಡ್ಡಿನಾಚೆ ಹಾರಿಸುತ್ತಾರೆ. ಬೇವಿನ ಗಿಡದ ಮೇಲೆ ಗಿಡಮಂಗ್ಯಾನಾಟ, ಅಂದರೆ ಮರಕೋತಿ ಆಟ ನಡೆಯುತ್ತದೆ. ಅಪ್ಪಂದಿರು, ಅತ್ತೆಯರು, ಮೊಮ್ಮಕ್ಕಳು ಒಂದೇ ಆಟದಲ್ಲಿ ಸಮವಾಗಿ ಓಡುವುದನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ನಗರದ ಕೂಟಗಳಲ್ಲಿ ದೊಡ್ಡವರು ಕುರ್ಚಿಗಳಲ್ಲಿ ಕೂತು ಮಾತಾಡುತ್ತಾರೆ, ಮಕ್ಕಳು ಮೂಲೆಯಲ್ಲಿ ಮೊಬೈಲ್ ಹಿಡಿಯುತ್ತಾರೆ. ಆ ಅಂತರ ನನಗೆ ನಿಜವಾಗಿಯೂ ನೋವು ತರುತ್ತದೆ.

ಆಟದ ನಡುವೆ ನೋಡಿ ಕಲಿಯುವುದೂ ಬೇಕಾದಷ್ಟಿದೆ. ಗೆಳೆಯರ ಮಗನೊಬ್ಬ ಶೇಂಗಾ ಗಿಡ ಕಿತ್ತು, ಬೇರಿನಲ್ಲಿ ಕಾಯಿ ಬಿಟ್ಟಿದೆ ಎಂದ. ಕಾಕಾ ಕುಕ್ಕರುಗಾಲಿನಲ್ಲಿ ಕೂತು, ಮಣ್ಣು ಉದುರಿಸಿ, ಅದು ಬೇರಲ್ಲವೆಂದು ತೋರಿಸಿದರು. ಮೇಲೆ ಹಳದಿ ಹೂವು ಅರಳಿ ಬಾಡಿದ ಮೇಲೆ ಅದೇ ಜಾಗದಿಂದ ಸೂಜಿಯಂಥ ಎಳೆಯೊಂದು ಕೆಳಗಿಳಿದು ಮಣ್ಣಿಗೆ ಚುಚ್ಚಿಕೊಳ್ಳುತ್ತದೆ, ಕತ್ತಲಲ್ಲಿ ಅದರ ತುದಿಯೇ ಕಾಯಾಗುತ್ತದೆ. ಹತ್ತಿಯ ಹೂವನ್ನೂ ಅವರು ಹಾಗೆಯೇ ತೋರಿಸಿದರು. ಇಂದು ಕೆನೆಬಣ್ಣದಲ್ಲಿ ಅರಳಿದ ಹೂವು ನಾಳೆಗೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಒಂದೇ ಗಿಡದಲ್ಲಿ ಎರಡೂ ಬಣ್ಣದ ಹೂಗಳು ಏಕಿವೆ ಎಂಬುದು ಆ ಹುಡುಗನಿಗೆ ಆಗ ತಿಳಿಯಿತು.

ತೊಂದರೆ ಇಲ್ಲವೆಂದಲ್ಲ. ಅಕ್ಟೋಬರ್ 10ರ ಸುಮಾರಿಗೆ ಚಿತ್ತಿ ಮಳೆ ಹೂಡುತ್ತದೆ, ಅದು ಬಂದರೆ ಹೇಳಿ ಕೇಳಿ ಬರುವುದಿಲ್ಲ. ಒಂದು ವರ್ಷ ಉಣ್ಣುತ್ತಿರುವಾಗಲೇ ಸುರಿಯಿತು. ಎರೆ ಮಣ್ಣು ಗಾಲಿಗೆ ಮೆತ್ತಿಕೊಂಡು ಚಕ್ಕಡಿ ಅಲುಗಲಿಲ್ಲ, ಎತ್ತು ಬಿಚ್ಚಿಕೊಂಡು, ಒಂದೊಂದು ಕಾಲಿಗೆ ಎರಡೆರಡು ಸೇರು ಮಣ್ಣು ಹೊತ್ತು ಎಲ್ಲರೂ ನಡೆದೇ ಊರು ಸೇರಿದೆವು. ಮಕ್ಕಳು ಇಂದಿಗೂ ಮೊದಲು ಹೇಳುವುದು ಆ ವರ್ಷದ ಕಥೆಯನ್ನೇ.

ಮಳೆಯಿಲ್ಲದ ವರ್ಷ ಸಂಜೆಯವರೆಗೂ ಹೊಲದಲ್ಲಿಯೇ ಇರುತ್ತೇವೆ. ಹಸಿ ಶೇಂಗಾ ಸುಟ್ಟು, ಮಸಿಯಾದ ಬೆರಳಿನಲ್ಲಿ ಸುಲಿದು ತಿನ್ನುತ್ತಿರುವಾಗ, ಆರು ಗಂಟೆಯ ಸುಮಾರಿಗೆ ಕಪ್ಪತಗುಡ್ಡದ ಹಿಂದೆ ಸೂರ್ಯ ಇಳಿಯುತ್ತಾನೆ, ಪೂರ್ವದಲ್ಲಿ ಚಂದ್ರ ಏಳುತ್ತಾನೆ. ಈ ಹುಣ್ಣಿಮೆಯ ಚಂದ್ರ ಅಶ್ವಿನಿ ನಕ್ಷತ್ರದ ಬಳಿ ಇರುವುದರಿಂದಲೇ ಮಾಸಕ್ಕೆ ಆಶ್ವಯುಜ ಎಂಬ ಹೆಸರು ಎಂದು ಮಕ್ಕಳಿಗೆ ಹೇಳುವುದು ಅಲ್ಲಿಯೇ, ಅವನನ್ನು ನೋಡುತ್ತಲೇ.

ಮರುದಿನ ನಸುಕಿನಲ್ಲಿ, ದಾರಿ ಬಲ್ಲ ಊರಿನವರೊಬ್ಬರನ್ನು ಕರೆದುಕೊಂಡು, ಡೋಣಿಯ ಕಡೆಯಿಂದ ಕಪ್ಪತಗುಡ್ಡಕ್ಕೆ ಹೊರಡುತ್ತೇವೆ. ಔಷಧಿ ಸಸ್ಯಗಳಿಗೆ ಹೆಸರಾದ ಈ ಗುಡ್ಡವನ್ನು 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಗಿದೆ. ತೋಳ, ಕತ್ತೆಕಿರುಬಗಳ ನೆಲೆ ಅದು, ಆದ್ದರಿಂದ ಓಡಾಡುವ ದಾರಿ ಬಿಟ್ಟು ಒಳಗೆ ನುಗ್ಗುವುದಿಲ್ಲ, ಹುಲ್ಲಿನ ಬಳಿ ಬೆಂಕಿಕಡ್ಡಿ ಗೀರುವುದಿಲ್ಲ, ಒಯ್ದ ಬುತ್ತಿಯ ಚೀಲ ವಾಪಸು ತರುತ್ತೇವೆ. ಮಳೆಗಾಲ ಕಳೆದ ಗುಡ್ಡದಲ್ಲಿ ಎದೆಮಟ್ಟದ ಹುಲ್ಲು ಗಾಳಿಗೆ ಮಲಗಿ ಏಳುತ್ತಿರುತ್ತದೆ, ಮೇಲೆ ಗಾಳಿಯಂತ್ರಗಳ ರೆಕ್ಕೆಗಳು ನಿಧಾನವಾಗಿ ತಿರುಗುತ್ತಿರುತ್ತವೆ. ಮಕ್ಕಳು ಏದುಸಿರು ಬಿಡುತ್ತಾ ನೆತ್ತಿಗೆ ಬಂದು ನಿಂತು ಮೊದಲು ಮಾಡುವ ಕೆಲಸ ಒಂದೇ. ಕೆಳಗೆ ಹರಡಿದ ಕಪ್ಪು, ಹಸಿರು ಪಟ್ಟಿಗಳ ನಡುವೆ ನಮ್ಮ ಬನ್ನಿ ಗಿಡ ಯಾವುದೆಂದು ಹುಡುಕಿ, ಬೆರಳು ಮಾಡಿ ತೋರಿಸಿ, ಅದಲ್ಲ ಇದು ಎಂದು ಜಗಳವಾಡುತ್ತಾರೆ. ಕಳೆದ ವರ್ಷ ಆ ಜಗಳದಲ್ಲಿ ಎಲ್ಲರಿಗಿಂತ ಜೋರಾಗಿ ವಾದಿಸಿದವನು ಶೇಂಗಾ ಗಿಡ ಕಿತ್ತು ನೋಡಿದ್ದ ಗೆಳೆಯರ ಮಗ. ಅವನ ತಂದೆ ಈ ವರ್ಷ ಆಗಸ್ಟಿನಲ್ಲಿಯೇ ಫೋನು ಮಾಡಿ, ಹುಣ್ಣಿಮೆ ಯಾವ ದಿನ ಬರುತ್ತದೆ, ಗದಗಕ್ಕೆ ರೈಲಿನ ಟಿಕೆಟ್ ಯಾವಾಗ ಮಾಡಿಸೋಣ ಎಂದು ಕೇಳಿದರು.